ದ್ವೀಪದ ರೆಗಾಟಾಗೆ ಕ್ರ್ಯೂ ಆಗಿ ಹೊರಟವರಿಗೆ: ವಿಂಚ್, ಸ್ಪಿನಾಕರ್, ಬಿಸಿಲು ಮತ್ತು 34 ಸೆಕೆಂಡು

ರೆಗಾಟಾ ಎಂದರೆ ಹಾಯಿ ಯಾಟ್‌ಗಳ ಓಟದ ಸ್ಪರ್ಧೆ, ಕ್ರ್ಯೂ ಎಂದರೆ ಯಾಟ್ ನಡೆಸುವ ತಂಡ. ಮೊದಲು ಎರಡು ಯಾಟ್‌ಗಳ ಲೆಕ್ಕ ನೋಡಿ. ದೊಡ್ಡ ಯಾಟ್‌ನ ಹ್ಯಾಂಡಿಕ್ಯಾಪ್ ಗುಣಕ (ಬೇರೆಬೇರೆ ವೇಗದ ಯಾಟ್‌ಗಳನ್ನು ಸರಿದೂಗಿಸುವ ಅಂಕಿ) 1.050, ಚಿಕ್ಕದರದ್ದು 0.980. ದೊಡ್ಡದು ಸರಿಯಾಗಿ 2 ಗಂಟೆಯಲ್ಲಿ ಗುರಿ ಮುಟ್ಟಿತು, ಚಿಕ್ಕದು 8 ನಿಮಿಷ ತಡವಾಗಿ ಬಂತು. ಐಆರ್‌ಸಿ ಎಂಬ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಓಟದ ಸಮಯವನ್ನು ಗುಣಕದಿಂದ ಗುಣಿಸುತ್ತಾರೆ. ಹಾಗೆ ಮಾಡಿದಾಗ ದೊಡ್ಡದಕ್ಕೆ 2 ಗಂಟೆ 6 ನಿಮಿಷ, ಚಿಕ್ಕದಕ್ಕೆ 2 ಗಂಟೆ 5 ನಿಮಿಷ 26 ಸೆಕೆಂಡು. ಎಲ್ಲರ ಕಣ್ಣೆದುರು ಎಂಟು ನಿಮಿಷ ಮುಂದೆ ಬಂದ ಯಾಟ್ 34 ಸೆಕೆಂಡಿನಲ್ಲಿ ಸೋತಿತು. ಗಾಳಿ ಹಿಂದಿನಿಂದ ಬರುವಾಗ ಏರಿಸುವ ದೊಡ್ಡ ಸ್ಪಿನಾಕರ್ ಹಾಯಿ ಒಮ್ಮೆ ನೀರಿಗೆ ಬಿದ್ದರೆ ಇದಕ್ಕಿಂತ ಹೆಚ್ಚು ಹೊತ್ತು ಹಾಳಾಗುತ್ತದೆ. ಹಗ್ಗ ಬಿಗಿಯುವ ಉರುಳೆಯಾದ ವಿಂಚ್ ಮೇಲೆ ಹಗ್ಗ ಸಿಕ್ಕಿಹಾಕಿಕೊಂಡರಂತೂ ಕೇಳುವುದೇ ಬೇಡ. ಚುಕ್ಕಾಣಿ ಹಿಡಿದವರು ಎಷ್ಟೇ ಜಾಣರಾಗಿರಲಿ, ಈ ಸೆಕೆಂಡುಗಳು ಇರುವುದು ಕ್ರ್ಯೂ ಕೈಯಲ್ಲಿ. ಹೊಸಬರಿಂದ ಯಾರೂ ಸಾಹಸ ಬಯಸುವುದಿಲ್ಲ. ತಮ್ಮ ಪಾಲಿನ ಒಂದು ಚಿಕ್ಕ ಕೆಲಸವನ್ನು ಪ್ರತಿ ಸಲವೂ ಅದರ ಹೊತ್ತಿಗೆ ಸರಿಯಾಗಿ ಮಾಡಿದರೆ ಸಾಕು. ಈ ಲೇಖನ ಆ ಚಿಕ್ಕ ಕೆಲಸಗಳ ಬಗ್ಗೆ.

ಮುಂದೆ ಗಾಳಿ ಬರುವ ಕಡೆಯ ಪಕ್ಕವನ್ನು ‘ಗಾಳಿಬದಿ’ ಎಂದೂ, ಅದರ ಎದುರಿನ ಪಕ್ಕವನ್ನು ‘ಮರೆಬದಿ’ ಎಂದೂ ಕರೆದಿದ್ದೇವೆ.

ಯಾವ ರೆಗಾಟಾ, ಎಂಥ ಗಾಳಿ

ಉಷ್ಣವಲಯದ ದ್ವೀಪಗಳೆಲ್ಲ ಒಂದೇ ರೀತಿ ಅಲ್ಲ. ಕೆರಿಬಿಯನ್‌ನಲ್ಲಿ ಚಳಿಗಾಲದಿಂದ ವಸಂತದವರೆಗೆ ಪೂರ್ವದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಸಾಮಾನ್ಯವಾಗಿ 15ರಿಂದ 25 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ಜೊತೆಗೆ ತೆರೆದ ಸಾಗರದ ಅಲೆ. 1980ರಲ್ಲಿ ಶುರುವಾದ ಸೇಂಟ್ ಮಾರ್ಟೆನ್ ಹೈನೆಕೆನ್ ರೆಗಾಟಾ ಮಾರ್ಚ್ ಮೊದಲ ವಾರದ ಸುಮಾರಿಗೆ ನಡೆಯುತ್ತದೆ. 2009ರಲ್ಲಿ ಆರಂಭವಾದ ಕೆರಿಬಿಯನ್ 600 ಫೆಬ್ರವರಿಯಲ್ಲಿ ಆಂಟಿಗುವಾದಿಂದ ಹೊರಟು ದ್ವೀಪಗಳನ್ನು ಸುತ್ತಿ ಬರುವ 600 ನಾಟಿಕಲ್ ಮೈಲಿಯ ಓಟ. ರಾತ್ರಿಯೂ ಓಡಿಸಬೇಕಾದ್ದರಿಂದ ಮೊದಲ ಸಲ ಹೋಗುವವರಿಗೆ ಅದು ಬೇಡ.

ಥಾಯ್ಲೆಂಡ್‌ನ ಫುಕೆಟ್ ಕಿಂಗ್ಸ್ ಕಪ್ ರೆಗಾಟಾ 1987ರಲ್ಲಿ ದೊರೆ ಭೂಮಿಬೋಲ್ ಅವರ 60ನೇ ಹುಟ್ಟುಹಬ್ಬಕ್ಕೆಂದು ಶುರುವಾಯಿತು, ಡಿಸೆಂಬರ್‌ನಲ್ಲಿ ನಡೆಯುತ್ತದೆ. ಆಗ ಈಶಾನ್ಯ ಮಾರುತ ನೆಲದ ಮೇಲಿಂದ ಸಮುದ್ರದ ಕಡೆಗೆ ಬೀಸುವುದರಿಂದ ಪಶ್ಚಿಮ ತೀರದಲ್ಲಿ ಅಲೆ ಕಡಿಮೆ. ಆದರೆ ಗಾಳಿ ಗುಡ್ಡಗಳ ನಡುವೆ ನುಸುಳಿ ಬರುತ್ತದೆ, ಹಾಗಾಗಿ ಕ್ಷಣಕ್ಕೊಂದು ದಿಕ್ಕು. ಆಸ್ಟ್ರೇಲಿಯಾದ ಹ್ಯಾಮಿಲ್ಟನ್ ಐಲ್ಯಾಂಡ್ ರೇಸ್ ವೀಕ್ ನಡೆಯುವುದು ಆಗಸ್ಟ್‌ನಲ್ಲಿ, ಆಗ್ನೇಯ ಮಾರುತದ ಕಾಲದಲ್ಲಿ. ಮೊದಲ ಅನುಭವಕ್ಕೆ ಅಲೆ ಕಡಿಮೆ ಇರುವ ಜಾಗವೇ ಒಳ್ಳೆಯದು. ಡೆಕ್ ಕುಣಿಯದಿದ್ದರೆ ಕೈಗೆ ಕೆಲಸ ಬೇಗ ಹತ್ತುತ್ತದೆ.

ಯಾಟ್‌ನಲ್ಲಿ ಜಾಗ

ಹೆಚ್ಚಿನ ರೆಗಾಟಾಗಳ ಜಾಲತಾಣದಲ್ಲಿ ಕ್ರ್ಯೂ ಬೇಕಾದವರ ಮತ್ತು ಯಾಟ್ ಬೇಕಾದವರ ಪಟ್ಟಿ ಇರುತ್ತದೆ. ರೇಸ್‌ಗೆ ಎರಡು ದಿನ ಮೊದಲೇ ಬಂದು ಯಾಟ್ ಕ್ಲಬ್‌ನ ಸೂಚನಾ ಫಲಕ ನೋಡುವುದೂ, ಬೆಳಿಗ್ಗೆ ಏಳಕ್ಕೆ ಜೆಟ್ಟಿಯ ಮೇಲೆ ನಡೆದು ಸ್ಕಿಪ್ಪರ್‌ಗಳನ್ನು ನೇರವಾಗಿ ಕೇಳುವುದೂ ಈಗಲೂ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ಜಾಗ ಪಡೆಯುವ ಚಾರ್ಟರ್ ಯಾಟ್‌ಗಳೂ ಇವೆ. ತರಬೇತುದಾರರು ಜೊತೆಗಿರುವುದರಿಂದ ಹೊಸಬರಿಗೆ ಅದು ಮೋಸವಿಲ್ಲದ ದಾರಿ.

ಸ್ಕಿಪ್ಪರ್‌ಗೆ ಬರೆಯುವಾಗ ಮೂರು ಸಂಗತಿ ಸ್ಪಷ್ಟವಾಗಿರಲಿ: ನಿಮ್ಮ ತೂಕ, ಯಾವ ಕೆಲಸ ಎಷ್ಟು ಸಲ ಮಾಡಿದ್ದೀರಿ, ಎಷ್ಟು ದಿನ ಇರುತ್ತೀರಿ. ತೂಕ ಕೇಳಿದರೆ ಬೇಸರ ಬೇಡ. ಗಾಳಿಯ ಒತ್ತಡಕ್ಕೆ ಎದುರಾಗಿ ಅಂಚಿನಲ್ಲಿ ಕೂರುವ ಭಾರ ಯಾಟ್‌ನ ವೇಗದ ಒಂದು ಭಾಗ, ಜೊತೆಗೆ ಕ್ರ್ಯೂ ಸಂಖ್ಯೆಗೂ ನಿಯಮದ ಮಿತಿ ಇರುತ್ತದೆ. ಅನುಭವವನ್ನು ಮಾತ್ರ ಹಿಗ್ಗಿಸಿ ಹೇಳಬೇಡಿ. ಗೊತ್ತಿಲ್ಲದ ಕೆಲಸವನ್ನು ಗೊತ್ತಿದೆ ಎಂದು ಹಿಡಿದವರಿಂದಲೇ ಬೆರಳು ಮುರಿಯುವ ಅವಘಡಗಳು ಆಗುವುದು.

ಒಪ್ಪುವ ಮೊದಲು ನೀವೂ ಕೇಳಿ: ಊಟ, ವಾಸ, ಪ್ರವೇಶ ಶುಲ್ಕ ಯಾರದ್ದು? ಯಾಟ್‌ನ ವಿಮೆ ಕ್ರ್ಯೂಗೂ ಅನ್ವಯಿಸುತ್ತದೆಯೇ? ನಿಮ್ಮ ಪ್ರವಾಸ ವಿಮೆಯಲ್ಲಿ ಹಾಯಿ ರೇಸ್ ಸೇರಿದೆಯೇ ಎಂದು ಬೇರೆಯಾಗಿ ನೋಡಿ, ಬಹಳ ಪಾಲಿಸಿಗಳು ‘ಸ್ಪರ್ಧೆ’ಯನ್ನು ಹೊರಗಿಡುತ್ತವೆ. ವಾಪಸ್ ಟಿಕೆಟ್ ಇಲ್ಲದೆ ದ್ವೀಪಕ್ಕೆ ಇಳಿಯುವುದಾದರೆ, ಇಂಥ ಯಾಟ್‌ಗೆ ಸೇರಲು ಬರುತ್ತಿದ್ದಾರೆ ಎಂಬ ಸ್ಕಿಪ್ಪರ್ ಸಹಿಯ ಪತ್ರ ಕೈಯಲ್ಲಿರಲಿ. ವಲಸೆ ಕೌಂಟರ್‌ನಲ್ಲಿ ಕೇಳುವುದು ಅದನ್ನೇ.

ಚೀಲ

ಗಟ್ಟಿ ಸೂಟ್‌ಕೇಸ್ ಬೇಡ, ಯಾಟ್‌ನಲ್ಲಿ ಅದನ್ನು ಇಡಲು ಜಾಗವಿಲ್ಲ. ಮಡಚಿಡಬಹುದಾದ ಬಟ್ಟೆ ಚೀಲವೇ ಸರಿ. ಒಳಗೆ ಏನಿರಬೇಕು:

ಅಡಿ ಗುರುತು ಬೀಳದ, ಬೆರಳು ಮುಚ್ಚುವ ಶೂ. ಚಪ್ಪಲಿ ಹಾಕಿ ಡೆಕ್ ಮೇಲೆ ಓಡಾಡಿದರೆ ಕಾಲ್ಬೆರಳು ಹಗ್ಗ ಕಟ್ಟುವ ಕ್ಲೀಟ್‌ಗೆ ಬಡಿದು ಮುರಿಯುತ್ತದೆ. ಎರಡು ಬೆರಳ ತುದಿ ತೆರೆದಿರುವ ಸೇಲಿಂಗ್ ಗ್ಲೌಸ್. ಉದ್ದ ತೋಳಿನ, ಬೇಗ ಒಣಗುವ ಅಂಗಿ ಮೂರು. ದಾರ ಕಟ್ಟಿದ ಟೋಪಿ, ದಾರ ಕಟ್ಟಿದ ಪೋಲರಾಯ್ಡ್ ಕನ್ನಡಕ. ಮುಂಬದಿಯಲ್ಲಿ ಕೆಲಸ ಮಾಡುವವರಿಗೆ ಮಂಡಿ ಪಟ್ಟಿ. ಮಳೆಗಾಳಿಗೆ ತೆಳು ಜಾಕೆಟ್ ಒಂದು. ಉಷ್ಣವಲಯ ಎಂದು ಬಿಟ್ಟು ಬರುತ್ತಾರೆ, ಆದರೆ ನೆನೆದ ಮೈಗೆ 30 ನಾಟ್ ಗಾಳಿ ಬಡಿದಾಗ ಹಲ್ಲು ಕಟಕಟಿಸುತ್ತದೆ. ದಾರ ಕಟ್ಟಿದ ಚಾಕು, ಅದನ್ನು ವಿಮಾನದಲ್ಲಿ ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು.

ಲೈಫ್ ಜಾಕೆಟ್ ನಿಮ್ಮದೇ ಇದ್ದರೆ ಒಳ್ಳೆಯದು. 150 ನ್ಯೂಟನ್‌ನ, ತಾನೇ ಉಬ್ಬುವ ಬಗೆ ಸಾಮಾನ್ಯ. ಅದರ ಗ್ಯಾಸ್ ಸಿಲಿಂಡರ್ ಹೆಚ್ಚಾಗಿ 33 ಗ್ರಾಮಿನದು. ಪ್ರತಿ ದಿನ ಬೆಳಿಗ್ಗೆ ಸಿಲಿಂಡರ್ ಬಿಗಿಯಾಗಿದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ, ಅಲುಗಾಟಕ್ಕೆ ಅದು ತಾನಾಗಿ ಸಡಿಲವಾಗುತ್ತದೆ. ಸೂಚಕ ಹಸಿರು ತೋರಿಸಬೇಕು. ತೊಡೆಸಂದಿನ ಪಟ್ಟಿ ಹಾಕಿಕೊಳ್ಳದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ ಜಾರಿ ಮುಖ ಮುಚ್ಚುತ್ತದೆ, ತೇಲಿಸುವ ಕೆಲಸ ಮಾಡುವುದಿಲ್ಲ. ನೀರು ತಾಗಿದ ಕೂಡಲೇ ಕರಗುವ ಗುಳಿಗೆಯಿಂದ ಉಬ್ಬುವ ಜಾಕೆಟ್ ಮುಂಬದಿಯವರಿಗೆ ಸರಿಹೋಗದು. ಒಂದು ದೊಡ್ಡ ಅಲೆ ಮೈಮೇಲೆ ಬಂದರೂ ಅದು ಉಬ್ಬಿಬಿಡುತ್ತದೆ. ನೀರಿನ ಒತ್ತಡಕ್ಕೆ ಮಾತ್ರ ಉಬ್ಬುವ ಬಗೆ ಅವರಿಗೆ ತಕ್ಕದ್ದು. ಸಿಲಿಂಡರ್ ಇರುವ ಜಾಕೆಟ್‌ಗೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

ಮೊದಲ ದಿನ: ಹಗ್ಗ ಹಿಡಿದು ನಡೆಯಿರಿ

40 ಅಡಿಯ ಯಾಟ್‌ನಲ್ಲಿ ಸಾಮಾನ್ಯವಾಗಿ ಎಂಟರಿಂದ ಹತ್ತು ಜನ. ತೀರ ಮುಂದೆ ಬೋ, ಅವರ ಹಿಂದೆ ಮಾಸ್ಟ್ (ಹಾಯಿಕಂಬ) ಬಳಿ ಹಾಯಿ ಏರಿಸುವವರು, ಕ್ಯಾಬಿನ್ ಬಾಗಿಲ ಬಳಿ ‘ಪಿಟ್’ (ಏರಿಸುವ ಇಳಿಸುವ ಹಗ್ಗಗಳೆಲ್ಲ ಬಂದು ಸೇರುವ ಜಾಗ), ಆಮೇಲೆ ಜಿಬ್ (ಮುಂದಿನ ಹಾಯಿ) ಮತ್ತು ಸ್ಪಿನಾಕರ್ ಟ್ರಿಮ್ಮರ್‌ಗಳು (ಹಾಯಿಯ ಬಿಗಿತ ಹೊಂದಿಸುವವರು), ವಿಂಚ್ ತಿರುಗಿಸುವ ಗ್ರೈಂಡರ್, ಮೇನ್ (ಮುಖ್ಯ ಹಾಯಿ) ಟ್ರಿಮ್ಮರ್, ಚುಕ್ಕಾಣಿ, ಓಟದ ತಂತ್ರ ಹೂಡುವ ಟ್ಯಾಕ್ಟೀಶಿಯನ್. ಹೊಸಬರನ್ನು ಹೆಚ್ಚಾಗಿ ಮಧ್ಯದಲ್ಲಿ ಇಡುತ್ತಾರೆ: ಅಂಚಿನ ಭಾರ, ಗ್ರೈಂಡರ್‌ಗೆ ನೆರವು, ಸ್ಪಿನಾಕರ್ ಇಳಿಯುವಾಗ ಬಾಚಿ ಒಳಗೆ ಎಳೆಯುವ ಕೆಲಸ. ಇದನ್ನು ಕೀಳೆಂದು ಭಾವಿಸಬೇಡಿ, ಮೇಲೆ ಹೇಳಿದ 34 ಸೆಕೆಂಡು ಹೋಗುವುದೂ ಉಳಿಯುವುದೂ ಇಲ್ಲಿಯೇ.

ಯಾಟ್ ಕಟ್ಟಿಹಾಕಿರುವಾಗಲೇ ನಿಮ್ಮ ಕೆಲಸಕ್ಕೆ ಸೇರಿದ ಪ್ರತಿ ಹಗ್ಗವನ್ನೂ ತುದಿಯಿಂದ ತುದಿಗೆ ಕೈಯಲ್ಲಿ ಹಿಡಿದು ನಡೆಯಿರಿ. ಹಾಯಿಯ ಯಾವ ಮೂಲೆಯಿಂದ ಹೊರಟಿತು, ಯಾವ ಬ್ಲಾಕ್ (ರಾಟೆ) ಮೂಲಕ ಬಂತು, ಯಾವ ಕ್ಲಚ್ಚಿನಲ್ಲಿ (ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನ) ನಿಂತಿದೆ, ಅದರ ಬಣ್ಣ ಯಾವುದು. ಅರ್ಧ ಗಂಟೆಯ ಕೆಲಸ. ರೇಸ್ ನಡುವೆ ಯಾರೋ ಕೂಗಿದಾಗ ಹಣೆಪಟ್ಟಿ ಓದುತ್ತ ನಿಲ್ಲುವ ಹೊತ್ತು ಇರುವುದಿಲ್ಲ.

ಎಲ್ಲ ದೇಶದವರೂ ಸೇರುವ ಡೆಕ್‌ನಲ್ಲಿ ಕೂಗು ಇಂಗ್ಲಿಷಿನದೇ, ಅದೂ ಒಂದೊಂದೇ ಪದ. ‘ಈಸ್’ ಎಂದರೆ ಸ್ವಲ್ಪ ಸಡಿಲಿಸಿ. ‘ಡಂಪ್’ ಎಂದರೆ ಪೂರ್ತಿ ಬಿಟ್ಟುಬಿಡಿ. ‘ಟ್ರಿಮ್’ ಎಂದರೆ ಎಳೆಯಿರಿ, ‘ಗ್ರೈಂಡ್’ ಎಂದರೆ ವಿಂಚ್ ಹಿಡಿಕೆ ತಿರುಗಿಸಿ, ‘ಹೋಲ್ಡ್’ ಎಂದರೆ ಇದ್ದಲ್ಲೇ ನಿಲ್ಲಿಸಿ. ‘ಮೇಡ್’ ಎಂದರೆ ಮುಟ್ಟಬೇಕಾದ ಜಾಗ ಮುಟ್ಟಿತು. ‘ಈಸ್’ ಮತ್ತು ‘ಡಂಪ್’ ಅದಲುಬದಲಾದರೆ ಅನಾಹುತ. ಕೇಳಿಸಿತು ಎಂದು ತಿರುಗಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ವಿಂಚ್: ಬೆರಳು ಎಲ್ಲಿರಬೇಕು

ಸುಮಾರು 40 ಚದರ ಮೀಟರಿನ ಜಿಬ್ ಮೇಲೆ 20 ನಾಟ್ ಗಾಳಿ ಬಿದ್ದಾಗ ಅದರ ಶೀಟ್‌ನಲ್ಲಿ (ಹಾಯಿಯನ್ನು ಎಳೆದು ಸಡಿಲಿಸುವ ಹಗ್ಗ) 300 ಕಿಲೋಗೂ ಮೀರಿದ ಎಳೆತವಿರುತ್ತದೆ. ಗಾಳಿ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಬೆಳಿಗ್ಗೆ 10 ನಾಟ್‌ನಲ್ಲಿ ಬರಿಗೈಲಿ ಹಿಡಿದ ಹಗ್ಗ ಮಧ್ಯಾಹ್ನ 20 ನಾಟ್‌ನಲ್ಲಿ ಕೈಯನ್ನೇ ಎಳೆದುಕೊಂಡು ಹೋಗುವುದು ಇದಕ್ಕೇ.

ಹಗ್ಗವನ್ನು ವಿಂಚ್‌ಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಎಳೆತ ಬರುವ ಮೊದಲು ಎರಡೇ ಸುತ್ತು. ಸಡಿಲ ಹಗ್ಗವನ್ನು ಸರಸರನೆ ಎಳೆದುಕೊಂಡು, ಭಾರ ತಾಗಿದ ಕೂಡಲೇ ಮೂರನೆಯದು, ಜೋರು ಗಾಳಿಯಲ್ಲಿ ನಾಲ್ಕನೆಯದು. ಸುತ್ತು ಹಾಕುವಾಗ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು, ಕಿರುಬೆರಳಿನ ಬದಿ ವಿಂಚ್‌ಗೆ ಹತ್ತಿರ, ಹೆಬ್ಬೆರಳು ದೂರ ಇರಲಿ. ಸಡಿಲಿಸುವಾಗ ಒಂದು ಕೈಯಲ್ಲಿ ಹಗ್ಗದ ಬಾಲ (ಎಳೆತವಿಲ್ಲದ ತುದಿ) ಹಿಡಿದು, ಇನ್ನೊಂದು ಅಂಗೈಯನ್ನು ಸುತ್ತುಗಳ ಮೇಲೆ ಚಪ್ಪಟೆಯಾಗಿ ಒತ್ತಿ, ಅಂಗೈಯನ್ನೇ ತಿರುಗಿಸುತ್ತ ಎರಡು ಮೂರು ಇಂಚು ಬಿಡಿ. ಬೆರಳು ಮಡಚಿ ಸುತ್ತುಗಳನ್ನು ಹಿಡಿದರೆ ಹಗ್ಗ ಜಾರಿದಾಗ ಬೆರಳೂ ಒಳಗೆ ಹೋಗುತ್ತದೆ.

ಎಲ್ಲರನ್ನೂ ಕಾಡುವ ತೊಂದರೆ ಸುತ್ತಿನ ಮೇಲೆ ಸುತ್ತು ಏರಿ ಕೂರುವುದು. ಎಳೆತವಿರುವ ಸುತ್ತಿನ ಮೇಲೆ ಇನ್ನೊಂದು ಹತ್ತಿ ಅದನ್ನು ಅದುಮಿ ಹಿಡಿಯುತ್ತದೆ, ಹಗ್ಗ ಮುಂದಕ್ಕೂ ಬಾರದು ಹಿಂದಕ್ಕೂ ಹೋಗದು. ಕಾರಣ ಎರಡು. ಹಗ್ಗ ಸಡಿಲವಿರುವಾಗಲೇ ಮೂರು ನಾಲ್ಕು ಸುತ್ತು ಹಾಕಿ ಎಳೆಯುವುದು ಒಂದು. ಬಾಲವನ್ನು ಕೆಳಮುಖವಾಗಿ ಎಳೆಯುವುದು ಇನ್ನೊಂದು. ಅದನ್ನು ಬಿಡಿಸಲು ಬೆರಳು ತೂರಿಸಬಾರದು. ವಿಂಚ್‌ಗಿಂತ ಮುಂದೆ, ಎಳೆತವಿರುವ ಶೀಟ್‌ಗೆ ಇನ್ನೊಂದು ಹಗ್ಗವನ್ನು ರೋಲಿಂಗ್ ಹಿಚ್ ಗಂಟಿನಿಂದ ಕಟ್ಟಿ, ಅದನ್ನು ಖಾಲಿ ಇರುವ ಮತ್ತೊಂದು ವಿಂಚ್‌ಗೆ ಒಯ್ದು ಎಳೆಯಬೇಕು. ಭಾರ ಅತ್ತ ಹೋದ ಮೇಲೆ ಸಿಕ್ಕಿದ ಸುತ್ತುಗಳು ತಾವೇ ಬಿಡುತ್ತವೆ. ಈ ಗಂಟನ್ನು ದಡದಲ್ಲೇ, ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿ.

ಕ್ಲಚ್ ಬಗ್ಗೆ ಒಂದು ಮಾತು: ಎಳೆತವಿರುವ ಹಗ್ಗದ ಕ್ಲಚ್ಚನ್ನು, ಹಗ್ಗ ವಿಂಚ್ ಮೇಲೆ ಇಲ್ಲದೆ ತೆರೆಯಲೇಬಾರದು. ಮೊದಲು ವಿಂಚ್‌ಗೆ ಸುತ್ತಿ ಭಾರ ಹೊರಿಸಿ, ಆಮೇಲೆ ತೆರೆಯಿರಿ.

ಟ್ಯಾಕ್: ಗಾಳಿಯ ಕಡೆಗೆ ತಿರುಗುವಾಗ

1. ಚುಕ್ಕಾಣಿಯಿಂದ ‘ರೆಡಿ’ ಕೂಗು ಬಂದಾಗ, ಹೊಸ ಬದಿಯ ವಿಂಚ್‌ಗೆ ಎರಡು ಸುತ್ತು ಹಾಕಿ ಸಡಿಲ ಎಳೆದಿಟ್ಟುಕೊಳ್ಳಿ. ಹಳೆಯ ಬದಿಯವರು ಬಾಲವನ್ನು ಸಿಕ್ಕಿಲ್ಲದಂತೆ ಹರಡಬೇಕು. ಅದರ ಮೇಲೆ ಯಾರೂ ನಿಂತಿರಬಾರದು.

2. ‘ಟ್ಯಾಕಿಂಗ್’ ಎಂದ ಮೇಲೂ ಹಳೆಯ ಶೀಟನ್ನು ತಕ್ಷಣ ಬಿಡಬೇಡಿ. ಜಿಬ್‌ನ ಮುಂದಂಚು ಒಳಕ್ಕೆ ಮಡಚಲು ಶುರುವಾದಾಗ ಬಿಡುವುದು. ಬೇಗ ಬಿಟ್ಟರೆ ವೇಗ ಹೋಗುತ್ತದೆ, ತಡವಾದರೆ ಹಾಯಿ ಗಾಳಿಗೆ ಹಿಮ್ಮುಖವಾಗಿ ಮಾಸ್ಟ್‌ಗೆ ಅಂಟುತ್ತದೆ.

3. ಬಿಡುವಾಗ ಸುತ್ತುಗಳನ್ನು ಮೇಲಕ್ಕೆತ್ತಿ ಒಂದೇ ಸಲ ಕಳಚಿ.

4. ಹೊಸ ಬದಿಯವರು ಉದ್ದುದ್ದ ಕೈ ಬೀಸಿ ಎಳೆಯಲಿ. ಕೊನೆಯ ಒಂದೆರಡು ಅಡಿಗೆ ಮಾತ್ರ ಮೂರನೆಯ ಸುತ್ತು ಮತ್ತು ಗ್ರೈಂಡರ್. ಯಾಟ್ ವೇಗ ಹಿಡಿಯುವ ಮುನ್ನವೇ ಪೂರ್ತಿ ಬಿಗಿದರೆ ಅದು ಅಲ್ಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಕೊನೆಯ ಮೂರು ನಾಲ್ಕು ಇಂಚನ್ನು ವೇಗ ಬಂದ ಮೇಲೆ ಎಳೆಯಿರಿ.

5. ಅಂಚಿನಲ್ಲಿ ಕೂತವರು ಯಾಟ್ ಸಮತಲಕ್ಕೆ ಬಂದಾಗ ಎದ್ದು ದಾಟಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೊಸಬರು ತಪ್ಪುವುದು ಇಲ್ಲಿ. ಕೂಗು ಕೇಳಿದ ಕೂಡಲೇ ಎದ್ದುಬಿಡುತ್ತಾರೆ, ಯಾಟ್ ವಾಲುತ್ತದೆ.

ಅಂಚಿನಲ್ಲಿ ಕೂರುವುದಕ್ಕೂ ಕ್ರಮವಿದೆ. ಕಾಲು ಹೊರಗೆ, ಪಕ್ಕದವರಿಗೆ ಭುಜ ತಾಗುವಷ್ಟು ಒತ್ತಾಗಿ, ಯಾಟ್‌ನ ಅತಿ ಅಗಲವಾದ ಭಾಗದಲ್ಲಿ. ಹರಡಿ ಕೂತರೆ ಯಾಟ್ ಅಲೆಯಲ್ಲಿ ಏತದಂತೆ ತೂಗುತ್ತದೆ. ನಿಯಮದ ಪ್ರಕಾರ, ಎರಡು ಲೈಫ್‌ಲೈನ್ (ಡೆಕ್ ಅಂಚಿನ ತಡೆತಂತಿ) ಇರುವಲ್ಲಿ ಹೊರಮುಖವಾಗಿ ಕೂತು, ಸೊಂಟ ಕೆಳಗಿನ ತಂತಿಯ ಒಳಗಿದ್ದರೆ ಮೈಯ ಮೇಲ್ಭಾಗವನ್ನು ಮೇಲಿನ ತಂತಿಯ ಹೊರಗೆ ಚಾಚಬಹುದು. ಅದಕ್ಕಿಂತ ಹೊರಗೆ ಬಾಗಿದರೆ ದೂರು ಬರುತ್ತದೆ. ಗಾಳಿ ತೀರ ಕಡಿಮೆಯಾದಾಗ ಇದೇ ಜನ ಮರೆಬದಿಗೆ ಹೋಗಿ, ಹಾಯಿ ತನ್ನ ಭಾರಕ್ಕೆ ಆಕಾರ ಹಿಡಿಯುವಂತೆ, ಅಲುಗದೆ ಕೂರಬೇಕು. ಆಗ ಬೆಕ್ಕಿನ ಹೆಜ್ಜೆ.

ಸ್ಪಿನಾಕರ್: ಬಣ್ಣದ ಹಾಯಿ, ದಿನದ ಹೆಚ್ಚಿನ ತಪ್ಪುಗಳು

ಏರಿಸುವಾಗ ಆಗುವ ತೊಂದರೆಗಳಲ್ಲಿ ಬಹುಪಾಲು ಚೀಲಕ್ಕೆ ತುಂಬುವಾಗಲೇ ಹುಟ್ಟಿರುತ್ತವೆ. ತುಂಬುವ ಕ್ರಮ ಹೀಗೆ. ಹಾಯಿಯ ತಲೆಯ ಮೂಲೆ ಹಿಡಿದು, ಒಂದು ಅಂಚಿನ ಪಟ್ಟಿಯನ್ನು ಕೈಮೇಲೆ ಕೈಯಿಟ್ಟು ಕೆಳಗಿನ ಮೂಲೆಯವರೆಗೆ ಅನುಸರಿಸಿ. ಮತ್ತೆ ತಲೆಯಿಂದ ಶುರುಮಾಡಿ ಇನ್ನೊಂದು ಅಂಚು. ಎರಡೂ ಪಟ್ಟಿ ಎಲ್ಲೂ ತಿರುಚದೆ ಬಂದರೆ ಹಾಯಿಯೂ ತಿರುಚಿಲ್ಲ. ನಡುವಿನ ಬಟ್ಟೆಯನ್ನು ಚೀಲದ ತಳಕ್ಕೆ ತುರುಕಿ, ಪಟ್ಟಿಗಳನ್ನು ಬೇರೆಬೇರೆ ಬದಿಗೆ ಇಟ್ಟು, ಮೂರು ಮೂಲೆಗಳು ಮೇಲೆ ಕಾಣುವಂತೆ ಬಿಡಿ: ತಲೆ ನಡುವೆ, ಟ್ಯಾಕ್ ಮೂಲೆ (ತಿರುಗುವ ಟ್ಯಾಕ್ ಬೇರೆ, ಇದು ಹಾಯಿಯ ಮುಂದಿನ ಕೆಳಮೂಲೆ) ಮುಂದಕ್ಕೆ, ಕ್ಲೂ ಮೂಲೆ (ಹಿಂದಿನ ಕೆಳಮೂಲೆ) ಹಿಂದಕ್ಕೆ. ಕ್ಯಾಬಿನ್ ಒಳಗೆ ಬೆವರು ಸುರಿಸುತ್ತ ಮೂರು ನಿಮಿಷ ಮಾಡುವ ಈ ಕೆಲಸವನ್ನು ಅವಸರಕ್ಕೆ ಬಿಟ್ಟರೆ, ಸುತ್ತಿ ಹೋಗಬೇಕಾದ ಮುಂದಿನ ತೇಲುಗುರುತಿನ ಬಳಿ ಹಾಯಿ ಮರಳುಗಡಿಯಾರದ ಆಕಾರದಲ್ಲಿ ಸುತ್ತಿಕೊಂಡು ಏರುತ್ತದೆ.

ಅಸಮ ಆಕಾರದ, ಮುಂದೆ ಚಾಚಿದ ಕೋಲಿಗೆ ಕಟ್ಟುವ ಸ್ಪಿನಾಕರ್ ಏರಿಸುವ ಹಂತಗಳು:

1. ಬೋ ತಲೆ ಎತ್ತಿ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ನೋಡಬೇಕು. ಅದು ಮುಂದಿನ ತಂತಿಗೆ ಸುತ್ತಿಕೊಂಡಿಲ್ಲ, ಜಿಬ್‌ನ ಹೊರಗಿದೆ ಎಂದು ಖಾತ್ರಿಯಾಗಲಿ. ಟ್ಯಾಕ್ ಹಗ್ಗ ಮತ್ತು ಎರಡು ಶೀಟ್‌ಗಳು ಎಲ್ಲದರ ಹೊರಗೆ ಸಾಗಿರಬೇಕು.

2. ಗುರುತು ಹತ್ತಿರವಾದಾಗ ಪಿಟ್‌ನವರು ಟ್ಯಾಕ್ ಮೂಲೆಯನ್ನು ಕೋಲಿನ ತುದಿಗೆ ಎಳೆಯುತ್ತಾರೆ. ಚೀಲದಿಂದ ಬಟ್ಟೆ ಹೆಚ್ಚು ಹೊರಬರದಂತೆ ಬೋ ಹಿಡಿದಿರಲಿ.

3. ‘ಹಾಯ್ಸ್ಟ್’ ಕೂಗಿಗೆ ಮಾಸ್ಟ್‌ನವರು ಮೈಭಾರ ಹಾಕಿ ಎಳೆಯಬೇಕು, ಪಿಟ್‌ನವರು ಸಡಿಲವನ್ನು ಒಳತೆಗೆಯಬೇಕು. ತುದಿ ಮುಟ್ಟಿದಾಗ ‘ಮೇಡ್’. ಹ್ಯಾಲ್ಯಾರ್ಡ್ ಮೇಲೆ ಮಾರ್ಕರ್ ಗುರುತು ಇದ್ದರೆ ಕತ್ತೆತ್ತಿ ನೋಡುವ ಕೆಲಸ ಉಳಿಯುತ್ತದೆ.

4. ‘ಮೇಡ್’ ಕೇಳುವ ತನಕ ಟ್ರಿಮ್ಮರ್ ಶೀಟ್ ಬಿಗಿಯಬಾರದು. ಅರ್ಧದಲ್ಲೇ ಹಾಯಿ ಗಾಳಿ ತುಂಬಿಕೊಂಡರೆ ಮೇಲಿನ ಅರ್ಧ ಏರುವುದೇ ಇಲ್ಲ.

5. ಹಾಯಿ ತುಂಬಿದ ಮೇಲೆ ಜಿಬ್ ಇಳಿಸಿ, ಡೆಕ್ ಮೇಲೆ ಕಟ್ಟಿ.

ಮರಳುಗಡಿಯಾರವಾದರೆ ಗಾಬರಿ ಬೇಡ. ಸುತ್ತು ಕೆಳಗಿದ್ದರೆ ಶೀಟನ್ನು ಜಗ್ಗಿ ಬಿಟ್ಟು ಮಾಡಿದರೆ ಬಿಡುತ್ತದೆ. ಮೇಲಿದ್ದರೆ ಹ್ಯಾಲ್ಯಾರ್ಡನ್ನು ಒಂದು ಮೀಟರ್ ಇಳಿಸಿ, ತಲೆಯ ತಿರುಗುಕೊಂಡಿಗೆ ತಿರುಗಲು ಅವಕಾಶ ಕೊಡಿ.

ಇಳಿಸುವಾಗ ಪಿಟ್‌ನವರ ತಯಾರಿಯೇ ಮುಖ್ಯ. ಹ್ಯಾಲ್ಯಾರ್ಡ್‌ನ ಉದ್ದಕ್ಕೂ ಎಂಟರ ಆಕಾರದಲ್ಲಿ ಮಡಚಿ ಹರಡಿಟ್ಟಿರಬೇಕು. ಒಂದೇ ಒಂದು ಸಿಕ್ಕು ಬ್ಲಾಕ್‌ಗೆ ಬಂದು ಕೂತರೆ ಹಾಯಿ ಅರ್ಧದಲ್ಲಿ ನೇತಾಡುತ್ತದೆ. ಬಾಚುವವರು ಮೊದಲು ಕೆಳಗಿನ ಅಂಚನ್ನು ಪೂರ್ತಿ ಕೈಗೆ ತೆಗೆದುಕೊಳ್ಳಬೇಕು, ಆಮೇಲೆ ಟ್ಯಾಕ್ ಬಿಡುವುದು, ಕೊನೆಗೆ ಹ್ಯಾಲ್ಯಾರ್ಡ್. ಮೊದಲ ಮೂರನೇ ಒಂದು ಪಾಲು ಬೇಗ, ಉಳಿದದ್ದು ಬಾಚುವ ಕೈಗಳ ವೇಗಕ್ಕೆ ತಕ್ಕಂತೆ. ಕೈಗಳಿಗಿಂತ ಬೇಗ ಬಿಟ್ಟರೆ ಬಟ್ಟೆ ನೀರಿಗೆ ಬಿದ್ದು ಮೀನುಬಲೆಯಂತೆ ನೀರು ತುಂಬಿಕೊಳ್ಳುತ್ತದೆ, ಯಾಟ್ ನಿಂತೇಹೋಗುತ್ತದೆ. ಆಗ ಬಟ್ಟೆಯ ನಡುಭಾಗ ಹಿಡಿದು ಜಗ್ಗಿದರೆ ಹರಿಯುತ್ತದೆ. ಒಂದು ಮೂಲೆಯನ್ನು ಪೂರ್ತಿ ಬಿಟ್ಟು ಇನ್ನೊಂದು ಅಂಚಿನಿಂದ ಎಳೆದರೆ ನೀರು ಸುರಿದುಹೋಗುತ್ತದೆ.

ಜೋರು ಗಾಳಿಯಲ್ಲಿ ಯಾಟ್ ವಾಲುತ್ತ ಹೋಗಿ, ಚುಕ್ಕಾಣಿ ನೀರಿನ ಹಿಡಿತ ಕಳೆದುಕೊಂಡು, ಗಾಳಿಯ ಕಡೆಗೆ ತಾನಾಗಿ ತಿರುಗಿ ಅಡ್ಡ ಬೀಳುವುದೇ ಬ್ರೋಚ್. ಅದರ ಮುನ್ಸೂಚನೆ ಚುಕ್ಕಾಣಿಯವರ ತೋಳಿನಲ್ಲಿ ಕಾಣುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿದರೂ ಮೂತಿ ಇಳಿಯುತ್ತಿಲ್ಲ ಎಂದರೆ ಸಮಯ ಬಂತು. ಆಗ ವ್ಯಾಂಗ್ ಹಗ್ಗ ಬಿಡಬೇಕು: ಅದು ಬೂಮನ್ನು (ಮುಖ್ಯ ಹಾಯಿಯ ಕೆಳಗಿನ ಅಡ್ಡಕಂಬ) ಕೆಳಗೆ ಹಿಡಿದಿರುವ ಹಗ್ಗ. ಬಿಟ್ಟರೆ ಬೂಮ್ ಮೇಲಕ್ಕೇರಿ ಹಾಯಿಯ ಮೇಲ್ಭಾಗ ಗಾಳಿ ಚೆಲ್ಲುತ್ತದೆ. ಬಿಡದಿದ್ದರೆ ಬೂಮಿನ ತುದಿ ನೀರಿಗೆ ತಾಗಿ, ಮೇನ್ ಶೀಟ್ ಸಡಿಲಿಸಿದರೂ ಹಾಯಿ ಹೊರಗೆ ಹೋಗದು. ಅದೇ ಹೊತ್ತಿಗೆ ಸ್ಪಿನಾಕರ್ ಶೀಟ್ ಈಸ್. 20 ನಾಟ್ ಮೀರಿದ ಮೇಲೆ ವ್ಯಾಂಗ್ ನೋಡಿಕೊಳ್ಳುವವರು ಆ ಹಗ್ಗದ ಮೇಲಿನಿಂದ ಕೈ ತೆಗೆಯಬಾರದು, ಬೇರೆ ಕೆಲಸಕ್ಕೂ ಏಳಬಾರದು.

ಗಾಳಿ ಬೆನ್ನಿಗಿರುವಾಗ ಬದಿ ಬದಲಿಸುವ ಜೈಬ್‌ನಲ್ಲಿ ಬೂಮ್ ಒಂದೇ ಕ್ಷಣದಲ್ಲಿ ಡೆಕ್ ಮೇಲೆ ಬೀಸಿ ಹೋಗುತ್ತದೆ. ಅದು ತಲೆಗೆ ಬಡಿದು ಜೀವ ಹೋದದ್ದಿದೆ. ಕೂಗು ಬಂದಾಗ ಮೊದಲು ತಲೆ ತಗ್ಗಿಸಿ, ಮಿಕ್ಕದ್ದು ಆಮೇಲೆ.

ಸ್ಟಾರ್ಟ್ ಮತ್ತು ನಿಯಮಗಳು

ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ. ಈಗಿನದು 2025ರಿಂದ 2028ರವರೆಗೆ. ಐದು ನಿಮಿಷ ಇರುವಾಗ ವರ್ಗದ ಬಾವುಟ, ನಾಲ್ಕಕ್ಕೆ ತಯಾರಿ ಬಾವುಟ (ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕ), ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ, ಸೊನ್ನೆಗೆ ವರ್ಗದ ಬಾವುಟ ಇಳಿದು ಸ್ಟಾರ್ಟ್. ಲೆಕ್ಕ ಬಾವುಟದ್ದು, ಸದ್ದಿನದ್ದಲ್ಲ. ಈ ಐದು ನಿಮಿಷ ಮಾತಾಡುವವರು ಹಿಂಬದಿಯವರು ಮಾತ್ರ. ಬೋ ಬೆರಳುಗಳಲ್ಲಿ ಸ್ಟಾರ್ಟ್ ಗೆರೆಗೆ ಎಷ್ಟು ಯಾಟ್ ಉದ್ದ ಉಳಿದಿದೆ ಎಂದು ತೋರಿಸುತ್ತಾರೆ. ಬಿಳಿಯ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ ಏರಿದರೆ ಯಾರೋ ಗೆರೆಯನ್ನು ಬೇಗ ದಾಟಿದ್ದಾರೆ. ನೀಲಿ ಅಂಚಿನ ಹಳದಿ ತ್ರಿಕೋನ ಏರಿದರೆ ಎಲ್ಲರೂ ವಾಪಸ್.

ಕ್ರ್ಯೂಗೆ ತಿಳಿದಿರಲೇಬೇಕಾದ ನಿಯಮ ಎರಡು. ಗಾಳಿ ಎಡಬದಿಯಿಂದ ಬರುತ್ತಿರುವ ಯಾಟ್, ಗಾಳಿ ಬಲಬದಿಯಿಂದ ಬರುತ್ತಿರುವ ಯಾಟ್‌ಗೆ ದಾರಿ ಬಿಡಬೇಕು. ಒಂದೇ ಬದಿಯ ಗಾಳಿಯಲ್ಲಿ ಅಕ್ಕಪಕ್ಕ ಸಾಗುವಾಗ ಗಾಳಿಬದಿಯದು ಮರೆಬದಿಯದಕ್ಕೆ ದಾರಿ ಬಿಡಬೇಕು. ಇಷ್ಟು ಗೊತ್ತಿದ್ದರೆ, ಹಾಯಿಯ ಹಿಂದೆ ಚುಕ್ಕಾಣಿಯವರಿಗೆ ಕಾಣದ ಯಾಟನ್ನು ಅಂಚಿನಿಂದ ನೀವೇ ಎಚ್ಚರಿಸಬಹುದು: ‘ಬಲಬದಿ ಗಾಳಿಯ ಯಾಟ್, ಐದು ಉದ್ದ, ಮರೆಬದಿಯಲ್ಲಿ.’ ತಪ್ಪು ನಮ್ಮದಾದರೆ ದೂರ ಸರಿದು ಎರಡು ಪೂರ್ತಿ ಸುತ್ತು ಹಾಕಬೇಕು. ಗುರುತಿನ ಬೋಯ್ ಮುಟ್ಟಿದರೆ ಒಂದು ಸುತ್ತು.

ದ್ವೀಪದ ಗಾಳಿಯನ್ನು ಓದುವುದು

ಎತ್ತರದ ಗುಡ್ಡದ ಮರೆಯಲ್ಲಿ ಗಾಳಿ ಸಾಯುತ್ತದೆ. ಆ ನೆರಳು ಗುಡ್ಡದ ಎತ್ತರದ ಹಲವು ಪಟ್ಟು ದೂರ ಚಾಚುತ್ತದೆ. ಭೂಶಿರದ ತುದಿಯಲ್ಲಿ, ಎರಡು ದ್ವೀಪಗಳ ನಡುವಿನ ಸಂದಿಯಲ್ಲಿ ಅದೇ ಗಾಳಿ ಬಿರುಸಾಗುತ್ತದೆ. ಅಂಚಿನಲ್ಲಿ ಕೂತವರ ಕೆಲಸ ನೀರು ನೋಡುವುದು. ಕಪ್ಪು ಸುಕ್ಕಿನ ಪಟ್ಟಿ ಹತ್ತಿರ ಬರುತ್ತಿದ್ದರೆ ಗಾಳಿಯ ಹೊಡೆತ ಬರುತ್ತಿದೆ. ‘ಹೊಡೆತ, ಮೂರು, ಎರಡು, ಒಂದು’ ಎಂದು ಎಣಿಸಿ ಹೇಳಿದರೆ ಟ್ರಿಮ್ಮರ್ ಅದಕ್ಕೆ ಸಿದ್ಧರಾಗಿರುತ್ತಾರೆ.

ಗಾಳಿಬದಿಯ ಆಕಾಶದಲ್ಲಿ ತಳ ಕಪ್ಪಾದ ಮೋಡ, ಅದರ ಕೆಳಗೆ ಮಳೆಯ ಪರದೆ, ಇದ್ದಕ್ಕಿದ್ದಂತೆ ತಣ್ಣಗಿನ ಗಾಳಿ: ಇದು ಸ್ಕ್ವಾಲ್. 15 ನಾಟ್ ಇದ್ದದ್ದು ಕೆಲವೇ ನಿಮಿಷದಲ್ಲಿ 30 ದಾಟಬಹುದು. ಬಂದ ಮೇಲಲ್ಲ, ಬರುವ ಮೊದಲೇ ಜಾಕೆಟ್ ಹಾಕಿ, ಕ್ಯಾಬಿನ್ ಕಿಂಡಿಗಳನ್ನು ಮುಚ್ಚಿ, ರೀಫ್ ಹಗ್ಗ (ಹಾಯಿಯನ್ನು ಮಡಚಿ ಚಿಕ್ಕದು ಮಾಡುವ ಹಗ್ಗ) ಸಿದ್ಧವಿಡಿ. ದಾಟಿಹೋದ ಮೇಲೆ ಹೆಚ್ಚಾಗಿ ಗಾಳಿ ಪೂರ್ತಿ ಬಿದ್ದುಹೋಗುತ್ತದೆ, ಅದಕ್ಕೂ ತಯಾರಿರಬೇಕು.

ಹವಳದ ದಿಬ್ಬಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಕಡುನೀಲಿ ಆಳ, ತಿಳಿಹಸಿರು-ನೀಲಿ ಮರಳಿನ ಮೇಲಿನ ಕಡಿಮೆ ಆಳ, ಕಂದು ಎಂದರೆ ಹವಳ. ಸೂರ್ಯ ಬೆನ್ನಿಗಿದ್ದರೆ ಮಾತ್ರ ಇದು ಸರಿಯಾಗಿ ಕಾಣುತ್ತದೆ. ಸಂಜೆ ಬಿಸಿಲಿಗೆ ಎದುರಾಗಿ ಸಾಗುವಾಗ ಕಣ್ಣನ್ನು ನಂಬದೆ ನಕ್ಷೆಯನ್ನು ನಂಬಿ.

ಬಿಸಿಲು, ನೀರು, ಉಪ್ಪು

ಒಬ್ಬರಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು ಬೇಕು, ಹತ್ತು ಜನರ ಯಾಟ್‌ಗೆ ಮೂವತ್ತು ನಲವತ್ತು ಲೀಟರ್. ಬಾಯಾರಿಕೆಗೆ ಕಾಯಬೇಡಿ. ಪ್ರತಿ ಲೆಗ್ (ಒಂದು ಗುರುತಿನಿಂದ ಇನ್ನೊಂದರವರೆಗಿನ ಓಟ) ಮುಗಿದಾಗ ಕುಡಿಯಿರಿ. ಬರೀ ನೀರಲ್ಲ, ಉಪ್ಪೂ ಬೇಕು. ಪುಡಿಯ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆನೋವು, ಸಿಡಿಮಿಡಿ, ಕೂಗಿದ್ದಕ್ಕೆ ಉತ್ತರಿಸಲು ತಡ ಮಾಡುವುದು, ಇವು ಬಿಸಿಲು ಬಡಿಯುತ್ತಿರುವ ಲಕ್ಷಣ. ಪಕ್ಕದವರಲ್ಲಿ ಕಂಡರೆ ನೆರಳಿಗೆ ಕಳಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 50ರದ್ದು, ಹೊರಡುವ ಅರ್ಧ ಗಂಟೆ ಮೊದಲೇ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ. ಕಿವಿಯ ತುದಿ, ಪಾದದ ಮೇಲ್ಭಾಗ, ಗಲ್ಲದ ಅಡಿಭಾಗ ಮರೆಯುವ ಜಾಗಗಳು. ನೀರಿನ ಪ್ರತಿಫಲನ ಕೆಳಗಿನಿಂದಲೂ ಸುಡುತ್ತದೆ. ಎಣ್ಣೆಯಂಥದ್ದನ್ನು ತೊಡೆಯ ಹಿಂಭಾಗಕ್ಕೆ ಹಚ್ಚಿದರೆ ಡೆಕ್ ಜಾರುತ್ತದೆ, ಹಾಯಿಗೂ ಕಲೆ. ಆಕ್ಸಿಬೆಂಜೋನ್ ಇರುವುದು ಬೇಡವೇ ಬೇಡ. ಹವಳಕ್ಕೆ ಹಾನಿ ಎಂದು ಪಲಾವು 2020ರಿಂದ ಅದನ್ನು ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ಮಾರುವಂತಿಲ್ಲ, ಥಾಯ್ಲೆಂಡ್‌ನ ಸಮುದ್ರ ರಾಷ್ಟ್ರೀಯ ಉದ್ಯಾನಗಳಲ್ಲೂ ನಿಷೇಧವಿದೆ. ಸತುವಿನ ಆಕ್ಸೈಡ್ ಇರುವ ಬಿಳಿ ಲೇಪ ತೆಗೆದುಕೊಳ್ಳಿ.

ಅಲೆಯ ಕುಲುಕಾಟಕ್ಕೆ ಬರುವ ವಾಕರಿಕೆಯ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಹಿಂದಿನ ರಾತ್ರಿ ಒಂದು, ಹೊರಡುವ ಗಂಟೆ ಮೊದಲು ಒಂದು, ವೈದ್ಯರನ್ನು ಕೇಳಿ.

ಯಾರಾದರೂ ನೀರಿಗೆ ಬಿದ್ದರೆ

ನೋಡಿದವರು ಗಟ್ಟಿಯಾಗಿ ಕೂಗಿ, ತೋಳು ಚಾಚಿ ಬೆರಳು ತೋರಿಸುತ್ತ, ಮೇಲೆತ್ತುವವರೆಗೂ ಕಣ್ಣು ಕೀಳಬಾರದು. ಅವರಿಗೆ ಬೇರೆ ಕೆಲಸವಿಲ್ಲ. ಇನ್ನೊಬ್ಬರು ತಕ್ಷಣ ತೇಲುಬಳೆ ಎಸೆಯಲಿ, ಮತ್ತೊಬ್ಬರು ಜಿಪಿಎಸ್‌ನ ಬಿದ್ದ ಜಾಗ ದಾಖಲಿಸುವ ಎಂಒಬಿ ಗುಂಡಿ ಒತ್ತಲಿ. ಸ್ಪಿನಾಕರ್ ಇದ್ದರೆ ಹೇಗಾದರೂ ಇಳಿಸಿ, ಅಂದ ಚಂದ ನೋಡಬೇಡಿ. ಎಂಜಿನ್ ಚಾಲೂ ಮಾಡುವ ಮೊದಲು ಡೆಕ್‌ನ ಸುತ್ತ ನೋಡಿ, ನೇತಾಡುವ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ಅದೂ ಹೋಯಿತು. ಹತ್ತಿರ ಬಂದ ಮೇಲೆ ಪ್ರೊಪೆಲ್ಲರ್ ನಿಲ್ಲಿಸಿ, ಒದ್ದೆಯಾದ ಮನುಷ್ಯನನ್ನು ಕೈಯಿಂದ ಎತ್ತಲು ಹೆಣಗದೆ ಹ್ಯಾಲ್ಯಾರ್ಡ್ ಮತ್ತು ವಿಂಚ್ ಬಳಸಿ. ಸಹಾಯ ಬೇಕಾದರೆ ವಿಎಚ್‌ಎಫ್ ರೇಡಿಯೋದ ಚಾನೆಲ್ 16.

ಜೆಟ್ಟಿಗೆ ಮರಳಿದ ಮೇಲೆ

ಹಾಯಿಗಳಿಗೂ ವಿಂಚ್‌ಗಳಿಗೂ ಸಿಹಿನೀರು ಹಾಕಿ ಉಪ್ಪು ಕಳೆಯಿರಿ. ಒದ್ದೆ ಸ್ಪಿನಾಕರನ್ನು ಚೀಲದಲ್ಲಿ ಬಿಡಬೇಡಿ, ಒಂದು ರಾತ್ರಿಗೇ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಒಣಗಿಸುತ್ತಲೇ ಅಂಚಿನ ಪಟ್ಟಿಗಳನ್ನು ನೋಡಿ, ಚಿಕ್ಕ ತೂತು ಕಂಡರೆ ಅವತ್ತೇ ಅಂಟುಪಟ್ಟಿ. ಹ್ಯಾಲ್ಯಾರ್ಡ್‌ಗಳು ಕ್ಲಚ್ಚಿನಲ್ಲಿ ಕೂರುವ ಜಾಗದಲ್ಲಿ ಸವೆದಿವೆಯೇ, ಡೆಕ್ ಮೇಲೆ ಯಾವುದಾದರೂ ಪಿನ್ ಅಥವಾ ಉಂಗುರ ಬಿದ್ದಿದೆಯೇ ನೋಡಿ. ಬಿದ್ದ ಪಿನ್ ಎಲ್ಲಿಂದಲೋ ಬಂದಿರಲೇಬೇಕು. ಅದು ಎಲ್ಲಿಯದೆಂದು ತಿಳಿಯದೆ ಮರುದಿನ ಹಾಯಿ ಏರಿಸಬಾರದು.

ದೂರು ಸಲ್ಲಿಸುವ ಅವಧಿ ಮುಗಿಯುವ ಮೊದಲು ಕ್ಲಬ್‌ನ ಸೂಚನಾ ಫಲಕ ನೋಡಿ. ವಿಚಾರಣೆ ಇದ್ದರೆ, ಘಟನೆ ಕಂಡ ಕ್ರ್ಯೂ ಸಾಕ್ಷಿಯಾಗಿ ಬೇಕಾಗಬಹುದು. ಕಂಡದ್ದನ್ನು, ದೂರ ಎಷ್ಟು ಯಾಟ್ ಉದ್ದ ಇತ್ತು, ಯಾರು ಮೊದಲು ಕೂಗಿದರು ಎಂಬುದನ್ನು ಆಗಲೇ ಬರೆದಿಡಿ.

ಕೊನೆಯ ದಿನ ವಿಮಾನಕ್ಕೆ ಹೊರಡುವ ಮುನ್ನ, ಯಾಟ್‌ನ ಕ್ರ್ಯೂ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಿದ್ದರೆ ಸ್ಕಿಪ್ಪರ್ ಜೊತೆ ವಲಸೆ ಕಚೇರಿಗೆ ಹೋಗಿ ಅದನ್ನು ತೆಗೆಸಿ. ಯಾಟ್‌ನಲ್ಲಿ ಬಂದವರೆಂದು ದಾಖಲಾದವರು ವಿಮಾನದಲ್ಲಿ ಹೊರಟರೆ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ. ವಾರಾಂತ್ಯಕ್ಕೆ ಕಚೇರಿ ಮುಚ್ಚಿರಬಹುದು, ಶುಕ್ರವಾರವೇ ಕೇಳಿಕೊಳ್ಳಿ.